ಹದಿನಾಲ್ಕು ಬೇಟೆಚೀಟಿಗಳು

ಜನವರಿ 9, ಮಂಗಳವಾರ

ಹದಿನಾಲ್ಕು. ಇನ್ನೂರ ಅರವತ್ತು ಜನರಿರುವ ಊರಿಗೆ ಈ ಚಳಿಗಾಲ ಹದಿನಾಲ್ಕು ಕ್ಯಾರಿಬೂ ಸಾರಂಗ. ವನ್ಯಜೀವಿ ಇಲಾಖೆಯ ಕಾಗದ ಬೆಳಗಿನ ವಿಮಾನದಲ್ಲಿ ಬಂತು, ಮಧ್ಯಾಹ್ನಕ್ಕೆಲ್ಲ ಊರಿಗೆ ಊರೇ ಸಭೆಯ ಮನೆಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಒಂದು ಚೀಟಿಗೆ ಒಂದು ಪ್ರಾಣಿ. ಬರ್ತಾಳಿಗೆ ನಾಲಿಗೆಗಳೆಲ್ಲ ತನಗೇ ಬೇಕು. ಜೋನಾಸನಿಗೆ ಮೂರು ಚೀಟಿ ಬೇಕು, ಯಾಕೆಂದರೆ ಅವನ ಹಿಮಗಾಡಿ ಹೊಸದು. ಚರ್ಚಿನಲ್ಲಿ ಮುಂದಿನ ಸಾಲಲ್ಲಿ ಕೂರುವವರು ಬೆನ್ನಿನ ಕೊಬ್ಬಿಗಾಗಿ ಒಬ್ಬರ ಮುಖಕ್ಕೆ ಒಬ್ಬರು ಎಂಜಲು ಹಾರಿಸುವುದನ್ನು ನೋಡುತ್ತ ನಾನು ನಡಾವಳಿ ಬರೆದುಕೊಂಡೆ. ಬೇಟೆಗಾರರ ಸಮಿತಿಯ ಕಾರ್ಯದರ್ಶಿಯ ಕೆಲಸ ಇದು. ಥೂ.

ಕಾಗದದ ಎರಡನೇ ಪುಟವನ್ನು ಯಾರೂ ಜೋರಾಗಿ ಓದಲು ಬಿಡಲಿಲ್ಲ. ಹೋದ ಮಾರ್ಚಿಯಲ್ಲಿ ಮರಗಳಾಚೆಯ ಬಯಲಿನಲ್ಲಿ, ಉದ್ದ ಕೆರೆಯ ಪಕ್ಕ, ಒಂಬತ್ತು ಕ್ಯಾರಿಬೂಗಳು ಬಿದ್ದಿದ್ದು ವಿಮಾನದಿಂದ ಕಂಡಿತಂತೆ. ಹಿಂಗಾಲು ಮಾತ್ರ ಕತ್ತರಿಸಿಕೊಂಡು ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ಎದೆ, ಪಕ್ಕೆ, ತಲೆ, ಹೊಟ್ಟೆಯೊಳಗಿನ ಕರು, ಎಲ್ಲ ಕಾಗೆಗೆ. ಅದಕ್ಕೇ ಈ ವರ್ಷ ನಮಗೆ ಹದಿನಾಲ್ಕು. ಅದನ್ನು ಮಾಡಿದ್ದು ಯಾರೆಂದು ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ. ಆಗ ಅಲ್ಲಿದ್ದದ್ದು ಇಬ್ಬರು: ನನ್ನ ಗಂಡ ಕಾಮಿಲ್, ಮತ್ತು ಅವನ ದೊಡ್ಡಪ್ಪನ ಮಗ ನಾರ್ಸಿಸ್. ಕಾಮಿಲ್ ತನ್ನ ಪಾಲಿನದನ್ನು ಹೇರಿಕೊಂಡು ಮುಂಚೆ ಹೊರಟುಬಂದ. ನಾರ್ಸಿಸ್ ಇನ್ನೊಂದು ದಿನ ಒಬ್ಬನೇ ಅಲ್ಲಿ ಉಳಿದ. ಲೆಕ್ಕ ಸರಳ.

ಇಷ್ಟಾದರೂ ಈ ಸಲದ ಬೇಟೆಗೆ ಮುಂದಾಳು ಯಾರು? ಅವನೇ. ಹಿಂಡು ದಾರಿ ಬದಲಿಸಿ ಮೂರು ದಿನದ ದಾರಿಯಷ್ಟು ಪೂರ್ವಕ್ಕೆ ಸರಿದಿದೆ, ಆ ಕಡೆಯ ದಾರಿ ಬಲ್ಲವನು ಊರಲ್ಲಿ ಅವನೊಬ್ಬನೇ. ಹುಡುಗನಿದ್ದಾಗ ಅಪ್ಪನ ನಾಯಿಬಂಡಿಯಲ್ಲಿ ಹೋಗಿದ್ದನಂತೆ. ಅವನ ಹೆಸರು ಕೂಗಿದಾಗ ಎದ್ದು ನಿಂತು ಬರೀ ತಲೆಯಾಡಿಸಿದ. ನಾಚಿಕೆ ಎಂಬುದೇ ಇಲ್ಲದ ಮುಖ.

ಜನವರಿ 12, ಶುಕ್ರವಾರ

ಇಡೀ ದಿನ ಪಟ್ಟಿ. ನಾಲ್ಕು ಗಾಡಿ, ಹಿಂದೆ ಕಟ್ಟಲು ನಾಲ್ಕು ಜಾರುಬಂಡಿ, ಎರಡು ಗುಡಾರ, ಎರಡು ತಗಡಿನ ಒಲೆ. ಬಯಲಿನಲ್ಲಿ ಕಡ್ಡಿಯೂ ಸಿಗುವುದಿಲ್ಲ, ಸೌದೆ ಇಲ್ಲಿಂದಲೇ ಹೊರಬೇಕು. ಪೆಟ್ರೋಲಿನ ಡ್ರಮ್ಮುಗಳನ್ನು ಹಿಟ್ಟಿನ ಚೀಲದ ಪಕ್ಕ ಇಟ್ಟಿದ್ದಾನೆ ಜೋನಾಸ್. ಹೋದ ಸಲ ರೊಟ್ಟಿಯೆಲ್ಲ ಪೆಟ್ರೋಲ್ ವಾಸನೆ ಹೊಡೆದು ತೇಗಿದಾಗೆಲ್ಲ ಗ್ಯಾರೇಜಿನಲ್ಲಿ ಕೂತ ಹಾಗಾಗುತ್ತಿತ್ತು. ಇವನಿಗೆ ಬುದ್ಧಿ ಯಾವಾಗ ಬರುತ್ತದೋ.

ನಾರ್ಸಿಸ್ ದಾರಿ ಹೇಳಲು ಕಚೇರಿಗೆ ಬಂದ. ನಕ್ಷೆ ಬಿಚ್ಚಿ ಅವನ ಮುಂದೆ ಹರಡಿದೆ. ನೋಡಲೂ ಇಲ್ಲ.

“ಭಾವ, ಗುರುತು ಹಾಕಿಕೊಡಿ.”

“ನಕ್ಷೆ ಬೇಕಾಗೋದು ದಾರಿ ಗೊತ್ತಿಲ್ದೋರಿಗೆ ಕಣಮ್ಮ. ಬರ್ಕೋ. ಹೇಳ್ತೀನಿ.”

ಏನು ಜಂಬ! ಕಣ್ಣು ಮುಚ್ಚಿಕೊಂಡು ಪ್ರವಚನ ಮಾಡುವವನ ಹಾಗೆ ಒಂದೊಂದೇ ಹೇಳುತ್ತ ಹೋದ. ಹೊಗೆ ಕೆರೆ ದಾಟಿ, ಎರಡು ಗುಡ್ಡದ ನಡುವೆ, ಮರಳುದಿಬ್ಬವನ್ನು ಎಡಗೈಗೆ ಇಟ್ಟುಕೊಂಡು, ಆಮೇಲೆ ಬಯಲು, ಬಯಲಿನ ನಡುವೆ ಮುದುಕಿ ಕೂತ ಬಂಡೆ. ನಾನು ಮೂರು ಹಾಳೆ ಬರೆದೆ. ಚಹಾ ಕೊಟ್ಟೆ. ಲೋಟಕ್ಕೆ ಕೈ ಹಾಕುವ ಬದಲು ಪಕ್ಕಕ್ಕೆ ಹಾಕಿ, ಬರೆದ ಹಾಳೆಗಳ ಮೇಲೆಲ್ಲ ಚೆಲ್ಲಿ, “ಓಹೋ” ಅಂದ. ಓಹೋ ಅಂತೆ! ಒರೆಸುವ ಬಟ್ಟೆಗಾಗಿ ಏಳಲೂ ಇಲ್ಲ. ಒದ್ದೆ ತೋಳಿನಿಂದ ಮೇಜು ಸವರಿ ಇನ್ನಷ್ಟು ಹರಡಿದ. ಮೂರು ಹಾಳೆಯನ್ನೂ ಮತ್ತೆ ಬರೆದೆ. ಅವನು ಹೋದ ಮೇಲೆ ಕುರ್ಚಿಯನ್ನೂ ತೊಳೆದೆ.

ಜನವರಿ 20, ಶನಿವಾರ

ಮೈನಸ್ ನಲವತ್ನಾಲ್ಕು. ಯಾರಿಗೂ ಕೆಲಸ ಬೇಡ, ಎಲ್ಲರಿಗೂ ಮಾಂಸ ಬೇಕು.

ಜನವರಿ 27, ಶನಿವಾರ

ಬಂದೂಕು ಪರೀಕ್ಷೆ. ಹೊರಡುವ ಮೊದಲು ಎಲ್ಲರೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಗುರಿಯಿಟ್ಟು ಹೊಡೆದು ತೋರಿಸಬೇಕೆಂದು ಸಮಿತಿಯ ನಿಯಮ. ನಾನೇ ಬರೆದ ನಿಯಮ. ಗಾಯಗೊಂಡ ಪ್ರಾಣಿ ಕಾಲೆಳೆದುಕೊಂಡು ಹೋಗಿ ಎಲ್ಲೋ ಸಾಯುವುದು ನನ್ನಿಂದ ನೋಡಲಾಗುವುದಿಲ್ಲ. ಜೋನಾಸ್ ಹೊಡೆದ, ಬರ್ತಾ ಹೊಡೆದಳು, ಕಾಮಿಲ್ ಹೊಡೆದ. ನಾರ್ಸಿಸ್ ಕೈಕಟ್ಟಿ ನಿಂತಿದ್ದ.

“ಭಾವ, ನಿಮ್ಮ ಸರದಿ.”

“ಗುಂಡು ದಂಡ. ನಲವತ್ತು ವರ್ಷದಿಂದ ಹೊಡೀತಿದೀನಿ.”

ಜೋನಾಸ್ ನಕ್ಕ. ಊರಿನ ಹುಡುಗರಿಗೆಲ್ಲ ನಾರ್ಸಿಸ್ ದೊಡ್ಡಪ್ಪನೇ. “ದಂಡ ಮಾಡೋಕೆ ಈಗೀಗ ನಾಚ್ಕೆ ಆಗುತ್ತಾ ದೊಡ್ಡಪ್ಪ?”

ನನಗೆ ಒಳಗೊಳಗೇ ಹಿತವಾಯಿತು ಎಂದು ಇಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ. ನಾರ್ಸಿಸ್ ತಿರುಗಿ ನಡೆದ. ನೆಟ್ಟಗೆ ಹೋಗಿ ಜೋನಾಸನ ಹೊಸ ಕೆಂಪು ಗಾಡಿ ಹತ್ತಿ ಕೂತು ಕೀಲಿಗಾಗಿ ತಡಕಾಡತೊಡಗಿದ. ಅವನದು ಹತ್ತು ಹೆಜ್ಜೆ ಆಚೆಗಿದ್ದ ಹಳೇ ಹಳದಿ ಗಾಡಿ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕುಡಿದಿದ್ದಾನೆ ಎಂದುಕೊಂಡು ಹತ್ತಿರ ಹೋಗಿ ಮೂಸಿದೆ. ಬರೀ ಚಹಾ, ಹೊಗೆಸೊಪ್ಪು. ಕುಡಿಯದೆಯೇ ಇಷ್ಟು ಕೆಟ್ಟವನು ಕುಡಿದರೆ ಇನ್ನೇನೋ. ಕಾಮಿಲ್ ಮಾತ್ರ ನಗಲಿಲ್ಲ. ಓಡಿಹೋಗಿ ಅಣ್ಣನ ತೋಳು ಹಿಡಿದು ಹಳದಿ ಗಾಡಿಗೆ ಕರೆದುಕೊಂಡು ಹೋದ. ಇವನಿಗೆ ಯಾಕೆ ಅವನ ಮೇಲೆ ಇಷ್ಟು ಕಕ್ಕುಲಾತಿ ಎಂದು ನನಗೆ ಮೈ ಉರಿಯಿತು.

ಫೆಬ್ರವರಿ 3, ಶನಿವಾರ

ಎಲ್ಲಿಂದ ಶುರು ಮಾಡಲಿ.

ಮುಂದಾಳಿನ ಅರ್ಜಿಗೆ ಸಹಿ ಬೇಕಿತ್ತು. ಹನ್ನೊಂದು ಗಂಟೆಗೆ ನಾರ್ಸಿಸನ ಮನೆಗೆ ಹೋದೆ. ಬಾಗಿಲು ತೆಗೆದರೆ ಸೀದ ಗಂಜಿಯ ವಾಸನೆ. ಒಲೆಯ ಸುತ್ತ ಚೆಲ್ಲಿದ್ದು ಒಣಗಿ ಹಕ್ಕಳೆಗಟ್ಟಿದೆ. ಮೇಜಿನ ಮೇಲಿದ್ದ ಮೀನಿಗೆ ಹಸಿರು ಬೂಷ್ಟು ಹಿಡಿದಿದೆ, ಆ ತಟ್ಟೆಯಿಂದಲೇ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡ.

“ಬೂಷ್ಟು ಹಿಡಿದಿದೆ ಭಾವ!”

“ಹೌದಾ?” ಅಂದ. ಉಗಿಯಲೂ ಇಲ್ಲ. ನುಂಗಿದ.

ಕಾಗದ ಇಟ್ಟೆ, ಲೇಖನಿ ಕೊಟ್ಟೆ, “ಇಲ್ಲಿ” ಎಂದು ಬೆರಳಿಟ್ಟು ತೋರಿಸಿದೆ. ಅವನು ಬರೆಯಲು ಶುರು ಮಾಡಿದ ಹೆಸರು ಕಾಗದದಿಂದ ಇಳಿದು ಮೇಜಿನ ಹಲಗೆಯ ಮೇಲೆ ಮುಗಿಯಿತು. ತಲೆಯೆತ್ತಿ, “ಆಯ್ತಲ್ಲ” ಎಂದು ನನ್ನ ಕಿವಿಯ ಕಡೆ ನೋಡಿ ಹೇಳಿದ. ಮುಖವನ್ನಲ್ಲ, ಕಿವಿಯನ್ನು.

ನಾನು ಕೈಯೆತ್ತಿ ಅವನ ಮೂಗಿನ ನೇರಕ್ಕೆ ಹಿಡಿದೆ. “ಎಷ್ಟು ಬೆರಳು ಭಾವ?”

ತಟ್ಟೆಯನ್ನು ತಡವಿ ಪಕ್ಕಕ್ಕೆ ಸರಿಸಿದ. ಆಮೇಲೆ, “ಕೈ ಇಳಿಸು ವಿತಾಲೀನ್” ಅಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಎರಡು ವರ್ಷವಾಯಿತಂತೆ. ನಡುವೆ ಏನೂ ಇಲ್ಲ, ಬೂದು. ಅಂಚಿನಲ್ಲಿ ಮಾತ್ರ ಹೊಗೆಯೊಳಗೆ ಕಂಡ ಹಾಗೆ ಏನೇನೋ ಅಲ್ಲಾಡುತ್ತದಂತೆ. ದೊಡ್ಡ ಊರಿನ ಡಾಕ್ಟರರು ಇದಕ್ಕೆ ಔಷಧವಿಲ್ಲ ಅಂದರಂತೆ. ಯಾರಿಗೂ ಹೇಳಿಲ್ಲ.

“ಹೋದ ವರ್ಷ ಆ ಒಂಬತ್ತು?”

“ನಾನೇ.”

“ಒಬ್ಬರೇ?”

“ಒಬ್ನೇ. ಕಾಮಿಲ್ ಆಗ್ಲೇ ಹೊರಟಿದ್ದ.”

ಬೂಷ್ಟು ಹಿಡಿದ ಮೀನನ್ನು ಎಸೆದು, ಒಲೆ ಕೆರೆದು, ಒಂದಿಷ್ಟು ಗಂಜಿ ಬೇಯಿಸಿಟ್ಟು ಹೊರಟೆ. ಆ ವಾಸನೆಯಲ್ಲಿ ನಿಲ್ಲಲಾಗದೆ ಮಾಡಿದ್ದೇ ಹೊರತು ಇನ್ನೇನಕ್ಕೂ ಅಲ್ಲ. ಅರ್ಧ ದಾರಿಯಲ್ಲಿ ಕಾಲು ತಾನಾಗಿ ನಿಂತಿತು. ಎದುರಿಗಿರುವವಳ ಮುಖ ಕಾಣದವನು ಬಯಲಿನಿಂದ ಅಷ್ಟು ದಿನದ ದಾರಿ ಒಬ್ಬನೇ ಗಾಡಿ ಓಡಿಸಿಕೊಂಡು ಹೇಗೆ ಬಂದ?

ಬಂದಿಲ್ಲ. ಯಾರದೋ ಗಾಡಿಯ ಬೆನ್ನು ಹಿಡಿದು ಬಂದಿದ್ದಾನೆ.

ಫೆಬ್ರವರಿ 4, ಭಾನುವಾರ

ಚರ್ಚಿನಿಂದ ಬಂದ ಮೇಲೆ ಕೇಳಿದೆ. ಕಾಮಿಲ್ ಬೂಟು ಬಿಚ್ಚುತ್ತಿದ್ದವನು ಒಂದು ಬೂಟು ಕೈಯಲ್ಲಿ ಹಿಡಿದೇ ಕೂತ.

“ಗೊತ್ತಾಯ್ತಾ?”

“ಹೇಳು.”

“ಹಿಂಡು ಹತ್ರಾನೇ ಇತ್ತು. ಅಣ್ಣ ಗುಂಡು ಖಾಲಿ ಆಗೋ ತನಕ ಹೊಡ್ದ. ಯಾವುದು ಬಿತ್ತು, ಯಾವುದು ಓಡ್ತು ಅಂತ ಅವನಿಗೆ ಕಾಣ್ತಿರ್ಲಿಲ್ಲ. ನಾನು ಹೋಗಿ ಕೈ ಹಿಡಿಯೋ ಹೊತ್ಗೆ ಒಂಬತ್ತು ಬಿದ್ದಿದ್ವು. ಗಾಳಿ ಎದ್ದಿತ್ತು. ಹಿಂಗಾಲು ಕತ್ತರ್ಸಿ ಹೇರ್ಕೊಂಡ್ವಿ. ಉಳಿದಿದ್ದಕ್ಕೆ ನಾಳೆ ಬರೋಣ ಅಂದೆ. ನಾನೇ ಅಂದೆ.”

“ನಾಳೆ?”

“ನಾಳೆ ಗಾಳಿ ನಿಂತಿತ್ತು.” ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ. “ಹೋಗ್ಬಹುದಿತ್ತು. ಸುಸ್ತಾಗಿತ್ತು ವಿತಾಲೀನ್. ಮನೆಗೆ ಬರೋಣ ಅನ್ನಿಸ್ತು.”

“ಒಂದು ವರ್ಷ ಅವರ ಹೆಸರಿಗೆ ಊರೇ ಉಗೀತಿದೆ. ನಾನೂ ಉಗ್ದೆ.”

“ಊರ ಹತ್ರ ಬಂದಾಗ ನನ್ನ ಮುಂದೆ ಕಳ್ಸಿ ತಾನು ಒಂದಿನ ಹಿಂದೆ ಉಳ್ಕೊಂಡ. ಅಣ್ಣನೇ ಹೇಳಿದ್ದು. ನಂಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ನನ್ ಮೇಲೆ ಹಾಕು. ನಿಂಗೆ ವಿತಾಲೀನ್ ಇದಾಳೆ, ಅವಳು ನಿನ್ನ ಹಸಿ ಹಸಿ ತಿಂದು ಹಾಕ್ತಾಳೆ ಅಂತ.”

ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನ ಮುಖ ನೋಡಿದರೆ ವಾಕರಿಕೆ ಬರುವುದು ಹೇಗಿರುತ್ತದೆ ಎಂದು ಇವತ್ತು ಗೊತ್ತಾಯಿತು. ಆ ಮಾಂಸವನ್ನು ಒಣಗಿಸಿದ್ದು ನಾನು. ಈಸ್ಟರಿನ ಊಟಕ್ಕೆ ಹಂಚಿದ್ದು ನಾನು. ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದಾಗ ಹಿಗ್ಗಿದ್ದು ನಾನು. ಆಮೇಲೆ ಅಂಗಡಿಯ ಬಾಗಿಲಿಗೆ ಅಂಟಿಸಿದ ಖಂಡನೆಯ ಪತ್ರಕ್ಕೆ “ಇಂಥ ಕೈಗಳಿಗೆ ನಾಚಿಕೆಯಾಗಲಿ” ಎಂದು ಬರೆದದ್ದೂ ನಾನೇ.

ಫ್ರೀಜರಿನ ತಳದಲ್ಲಿ ಅದರದೇ ಒಂದು ಪೊಟ್ಟಣ ಇನ್ನೂ ಇತ್ತು. ತೆಗೆದು ಕಸದ ಡಬ್ಬಿಯವರೆಗೂ ಹೋದೆ. ಕೈ ಬಿಡಲಿಲ್ಲ. ಎಸೆದರೆ ಅದು ಹತ್ತನೆಯದಾಗುತ್ತದೆ. ಬೇಯಿಸಿ ಮೇಜಿನ ಮೇಲಿಟ್ಟೆ. ಇಬ್ಬರೂ ತಿಂದೆವು.

ಫೆಬ್ರವರಿ 6, ಮಂಗಳವಾರ

ಯಾರ ಮುಖವೂ ಬೇಡ. ಕನ್ನಡಿಯೂ ಬೇಡ.

ಫೆಬ್ರವರಿ 13, ಮಂಗಳವಾರ

ಕಾಮಿಲ್‌ಗೆ ಒಂದೇ ಮಾತು ಹೇಳಿದ್ದೆ: ನೀನು ಹೇಳದಿದ್ದರೆ ನಾನು ಹೇಳುತ್ತೇನೆ, ನಡಾವಳಿಯಲ್ಲಿ ಬರೆಯುತ್ತೇನೆ. ಇವತ್ತಿನ ಸಭೆಯಲ್ಲಿ ಎದ್ದುನಿಂತ. ಟೋಪಿ ಹಿಂಡುತ್ತ ಎಲ್ಲವನ್ನೂ ಹೇಳಿದ, ನಾರ್ಸಿಸನ ಕಣ್ಣಿನ ವಿಷಯ ಒಂದನ್ನು ಬಿಟ್ಟು. ಅದನ್ನು ಹೇಳಲು ನಾರ್ಸಿಸ್ ತಾವೇ ಎದ್ದರು.

“ನಂಗೆ ಕಣ್ಣು ಕಾಣಲ್ಲ,” ಅಂದರು. “ಕಾಣಲ್ಲ ಅಂತ ಗೊತ್ತಿದ್ದೂ ಹೊಡ್ದೆ. ಬೇಟೆಗಾರ ಅಲ್ಲ ಅಂದ್ಬಿಡ್ತೀರಿ ಅಂತ ಭಯ. ಅಷ್ಟೇ.”

ಜೋನಾಸ್ ಬೆಂಚಿನಿಂದ ಹಾರಿಬಿದ್ದ. “ಕುರುಡನ ಹಿಂದೆ ಮೂರು ದಿನದ ದಾರಿ ಹೋಗ್ಬೇಕಾಗಿತ್ತಾ ನಾವು? ಸಾಯ್ಸೋಕೆ ಕರ್ಕೊಂಡು ಹೋಗ್ತಿದ್ರಾ?” ಎಲ್ಲ ಬಾಯಿಗಳೂ ಒಟ್ಟಿಗೇ ತೆರೆದವು. ತಮ್ಮ ಗಂಡಂದಿರು ಏನೇನು ಬಿಟ್ಟು ಬಂದಿದ್ದಾರೆ ಎಂದು ನನಗೆ ಗೊತ್ತಿರುವ ಹೆಂಗಸರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಒಬ್ಬಳಂತೂ ಕಾಮಿಲ್‌ನ ಕಾಲ ಬಳಿ ಉಗಿದಳು. ಅವಳ ಮನೆಯ ಹಿಂದೆ ಹೋದ ಬೇಸಿಗೆ ಕೊಳೆತ ಮೀನಿನ ಗುಡ್ಡೆ ನಾನೇ ನೋಡಿದ್ದೇನೆ.

ಫಿಲೊಮೆನ್ ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು. ಎಂಬತ್ಮೂರು ವರ್ಷ, ಸಮಿತಿಯ ಅಧ್ಯಕ್ಷೆ, ಅಪರೂಪಕ್ಕೆ ಎತ್ತುವ ದನಿ. ಕಾಮಿಲ್‌ನನ್ನು ಹತ್ತಿರ ಕರೆದರು.

“ಮಾಂಸ ಹೇಗಿತ್ತಪ್ಪ? ರುಚಿಯಾಗಿತ್ತಾ?”

ನನ್ನ ಗಂಡ ಐವತ್ತೊಂಬತ್ತು ವರ್ಷದವನು. ಅಷ್ಟೂ ಜನರ ಮುಂದೆ ಮಗುವಿನ ಹಾಗೆ ಅತ್ತ. ಅದನ್ನು ನೋಡುವುದೂ ಹೇಸಿಗೆಯೇ. ನೋಡದೆ ಬರೆಯುತ್ತಲೇ ಇದ್ದೆ.

ಅಜ್ಜಿಯ ತೀರ್ಪು: ಇಬ್ಬರೂ ಬಂದೂಕು ಮುಟ್ಟುವ ಹಾಗಿಲ್ಲ. ಕಾಮಿಲ್ ಸಾಮಾನು ಹೊರುತ್ತಾನೆ. ಹೊಡೆಯುವುದು ಜೋನಾಸ್, ಬರ್ತಾ. ನಾರ್ಸಿಸ್ ಬಂದೇ ಬರಬೇಕು, ದಾರಿ ಅವರಿಗೇ ಗೊತ್ತು. ಯಾರ ಜಾರುಬಂಡಿಯಲ್ಲಿ? ಎಲ್ಲರೂ ನೆಲ ನೋಡಿದರು. ಅಜ್ಜಿ ನನ್ನ ಕಡೆ ತಿರುಗಿದರು.

“ಬರೀತಾ ಕೂತಿದೀಯಲ್ಲ, ನಿಂಗೆ ಗಾಡಿ ಓಡ್ಸೋಕೆ ಬರಲ್ವಾ?”

ಫೆಬ್ರವರಿ 19, ಸೋಮವಾರ

ಎಲ್ಲ ನನ್ನ ತಲೆಗೇ ಬಂತು. ಮೂರು ದಿನ ಹೋಗಲು, ಮೂರು ದಿನ ಬರಲು, ನಾಲ್ಕು ದಿನ ಗಾಳಿಗೆ ಸಿಕ್ಕಿ ಕೂರಲು, ಹೀಗೆ ಹತ್ತು ದಿನದ ಆಹಾರ. ಹಿಟ್ಟನ್ನು ಪೆಟ್ರೋಲಿನಿಂದ ಬೇರೆ ಬಂಡಿಗೆ ಹಾಕಿಸಿದೆ. ಜೋನಾಸ್ ಗೊಣಗಿದ. ಗೊಣಗಲಿ, ನಾಯಿಗೂ ಗಂಟಲಿದೆ. ಭಾವನವರ ಕೋಟಿನ ತೋಳು ಹರಿದಿತ್ತು, ಹೊಲಿದೆ. ಜಾರುಬಂಡಿಯಲ್ಲಿ ಕೂತೇ ಇರುವವರಿಗೆ ಓಡಿಸುವವರಿಗಿಂತ ಚಳಿ ಹೆಚ್ಚು, ಹಾಗಾಗಿ ನಮ್ಮ ಹಾಸಿಗೆಯ ಕ್ಯಾರಿಬೂ ತೊಗಲನ್ನು ಬಂಡಿಗೆ ಹಾಸಿ ಬೆನ್ನಿಗೊಂದು ಹಲಗೆ ಕಟ್ಟಿದೆ. ದಾರಿಯಲ್ಲಿ ಅವರು ಹೆಪ್ಪುಗಟ್ಟಿ ಸತ್ತರೆ ಅದರ ವರದಿಯನ್ನೂ ನಾನೇ ಬರೆಯಬೇಕಲ್ಲ.

ಅವರು ಬಂದು ಕೂತು ನೋಡಿದರು. “ಮೆತ್ತಗಿದೆ” ಅಂದರು. ಮೆತ್ತಗಿದೆಯಂತೆ! ನಾನು ಈಗ ಬರಿಯ ಹಲಗೆಯ ಮೇಲೆ ಮಲಗುತ್ತಿದ್ದೇನೆ. ಕಾಮಿಲ್‌ನ ಜೊತೆ ಇನ್ನೂ ಮಾತಿಲ್ಲ. ಉಪ್ಪು ಎಲ್ಲಿ ಎಂದು ಕೇಳಿದ, ತೋರಿಸಿದೆ.

ಫೆಬ್ರವರಿ 26, ಸೋಮವಾರ

ಹೊರಟೆವು. ಹೊಗೆ ಕೆರೆಯಾಚೆ ಗುಡಾರ. ಬರ್ತಾ ಗುಡಾರದ ನೆಲಕ್ಕೆ ಸ್ಪ್ರೂಸ್ ಮರದ ಟೊಂಗೆ ಹಾಸಿದಳು. ಎಲ್ಲರ ಕಾಲುಚೀಲದ ನಾತ. ಬೆರಳು ಮಡಿಸಲು ಬರುತ್ತಿಲ್ಲ, ಇಷ್ಟೇ.

ಫೆಬ್ರವರಿ 28, ಬುಧವಾರ

ಮರ ಮುಗಿದವು. ಬೆಳಿಗ್ಗೆಯಿಂದ ನೆಲ ಯಾವುದು ಆಕಾಶ ಯಾವುದು ತಿಳಿಯದಂಥ ಬಿಳುಪು. ಜೋನಾಸನ ಕೈಯಲ್ಲಿದ್ದ ದಾರಿ ತೋರಿಸುವ ಯಂತ್ರದ ಬ್ಯಾಟರಿ ಚಳಿಗೆ ಸತ್ತಿತು. ಮುಂದೆ ಹೋಗುತ್ತಿದ್ದವನು ನಿಂತುಬಿಟ್ಟ. ಅವನ ಮುಖದಲ್ಲಿ ಮೊದಲ ಸಲ ಭಯ ಕಂಡೆ.

ಭಾವ ಬಂಡಿಯಿಂದ ಇಳಿದು, ಮಂಡಿಯೂರಿ, ಕೈಗವಸು ತೆಗೆದು ಹಿಮದ ಮೇಲೆ ಅಂಗೈ ಆಡಿಸಿದರು. ಇಲ್ಲಿ ಗಾಳಿ ಹಿಮವನ್ನು ನಾಲಿಗೆಗಳ ಹಾಗೆ ಗಟ್ಟಿಯಾಗಿ ಕೊರೆದಿರುತ್ತದೆ, ಎಲ್ಲವೂ ಒಂದೇ ದಿಕ್ಕಿಗೆ.

“ವಾಯುವ್ಯದ ಗಾಳಿ ಮಾಡಿದ್ದು ಇದು. ಇದನ್ನ ಅಡ್ಡಡ್ಡ ಕೊಯ್ಕೊಂಡು ಹೋಗು ವಿತಾಲೀನ್. ಬಂಡಿ ಒಂದೇ ಸಮ ಕುಕ್ತಾ ಇರ್ಬೇಕು. ಕುಕ್ಕೋದು ನಿಂತ್ರೆ ದಾರಿ ತಪ್ತು ಅಂತ. ನಾನು ಕೂಗ್ತೀನಿ.”

ಹಾಗೆ ಐದು ಗಂಟೆ ಹೋದೆ. ಹಿಂದೆ ಅವರು, ಅವರ ಹಿಂದೆ ಉಳಿದ ಮೂರು ಗಾಡಿ. ನನಗೂ ಮುಂದೆ ಏನೂ ಕಾಣುತ್ತಿರಲಿಲ್ಲ. “ಎಡಕ್ಕೆ!” “ಸರಿ, ಹಾಗೇ!” ಕೂಗು ಮಾತ್ರ. ಮೂರು ಗಂಟೆಯ ಸುಮಾರಿಗೆ ಬಿಳುಪಿನೊಳಗಿಂದ ಮುದುಕಿ ಕೂತ ಹಾಗಿರುವ ಬಂಡೆ ಎದ್ದುಬಂತು. ಜೋನಾಸ್ ಬಂದು ಅವರಿಗೊಂದು ಲೋಟ ಚಹಾ ಕೊಟ್ಟ. ಲೋಟವನ್ನು ಕೈಗೆ ಮುಟ್ಟಿಸಿ ಕೊಡಬೇಕೆಂಬ ಬುದ್ಧಿ ಆ ಪೆದ್ದನಿಗಿಲ್ಲ. ನಾನು ಹಿಡಿಸಿದೆ.

ಮಾರ್ಚಿ 1, ಶುಕ್ರವಾರ

ಬೆಳಿಗ್ಗೆ ಹತ್ತಕ್ಕೆ ಭಾವ ಕೈಯೆತ್ತಿ ಎಲ್ಲ ಗಾಡಿಗಳನ್ನೂ ನಿಲ್ಲಿಸಿದರು. ನಮಗೇನೂ ಕೇಳಲಿಲ್ಲ. ಟೋಪಿಯ ಕಿವಿ ಮೇಲೆತ್ತಿ ಕೂತಿದ್ದರು.

“ಕೇಳ್ತಿದ್ಯಾ? ಟಿಕ್, ಟಿಕ್. ನಡೆಯೋವಾಗ ಅವುಗಳ ಕಾಲು ಮಾಡೋ ಸದ್ದು.”

ದಿಬ್ಬದ ಮೇಲಕ್ಕೆ ಅವರನ್ನು ತೋಳು ಹಿಡಿದು ಹತ್ತಿಸಿದೆ. ಕೆಳಗೆ ಹಿಂಡು ಇತ್ತು. ಹಿಮ ಕೆರೆದು ಪಾಚಿ ತಿನ್ನುತ್ತಿದ್ದವು, ಮೂತಿಯ ಸುತ್ತ ಹಬೆ. ಭಾವನವರ ಮುಖ ನಾನು ನೋಡಬಾರದಾಗಿತ್ತು, ಅಷ್ಟು ಆಸೆ. ತಮ್ಮ ಅಪ್ಪನ ಜೊತೆ ಇಲ್ಲಿ ನಿಂತಾಗ ಬಯಲೇ ನಡೆದುಹೋದ ಹಾಗೆ ಕಂಡಿತ್ತು, ಇಡೀ ದಿನ ಮುಗಿಯಲಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದ್ದರು.

“ಎಷ್ಟಿವೆ?”

ಎರಡು ಸಲ ಎಣಿಸಿದೆ. ತುಂಬ ಇವೆ ಎಂದುಬಿಡಬಹುದಿತ್ತು. ಒಂದು ವರ್ಷ ಎಲ್ಲರೂ ಎಲ್ಲರಿಗೂ ಸುಳ್ಳು ಹೇಳಿದ್ದು ಸಾಕಾಗಿತ್ತು.

“ಮೂವತ್ತೊಂದು, ಭಾವ.”

“ಆಚೆ?”

“ಆಚೆ ಏನೂ ಇಲ್ಲ.”

“ಹೊಟ್ಟೆ ದಪ್ಪ ಇರೋವು?”

“ಹತ್ತೊಂಬತ್ತು. ಉಳಿದ ಆರು ಗಂಡು, ಆರು ಹೋದ ವರ್ಷದ ಕರು.”

ಅವರು ಹಿಮದ ಮೇಲೆ ಕೂತರು. ಜೋನಾಸ್, ಬರ್ತಾ ತೆವಳಿಕೊಂಡು ಬಂದು ಪಕ್ಕದಲ್ಲಿ ಬಂದೂಕು ಸರಿಮಾಡಿಕೊಳ್ಳುತ್ತಿದ್ದರು.

“ಆರು,” ಅಂದರು ಭಾವ. “ಗಂಡು ಆರನ್ನ ಹೊಡೀರಿ. ಉಳಿದಿದ್ದನ್ನ ಮುಟ್ಬೇಡಿ.”

“ಹದಿನಾಲ್ಕು ಚೀಟಿ ಇದೆ ದೊಡ್ಡಪ್ಪ!” ಜೋನಾಸ್ ಹಲ್ಲು ಕಚ್ಚಿ ಪಿಸುಗುಟ್ಟಿದ. “ಊರು ಕಾಯ್ತಾ ಇದೆ. ಒಂಬತ್ತು ಹಾಳು ಮಾಡ್ದೋರು ನಮಗೆ ಬುದ್ಧಿ ಹೇಳ್ತೀರಾ?”

“ಹಾಳು ಮಾಡ್ದೋನಿಗೇ ಗೊತ್ತು ಕಣಪ್ಪ.”

ಬರ್ತಾ ನನ್ನ ಕಡೆ ನೋಡಿದಳು, ಜೋನಾಸನೂ ನೋಡಿದ. ಚೀಟಿಗಳೆಲ್ಲ ನನ್ನ ಕೋಟಿನ ಜೇಬಿನಲ್ಲಿದ್ದವು. ಎಣಿಸಿ ಆರು ತೆಗೆದು ಹಿಮದ ಮೇಲಿಟ್ಟೆ. ಜೋನಾಸ್ ನನ್ನನ್ನು ನೋಡಿದ ಪರಿ! ಮೂಗು ಮುಚ್ಚಿಕೊಳ್ಳುವುದೊಂದು ಬಾಕಿ.

ಆರು ಬಿದ್ದವು, ಎಲ್ಲವೂ ಒಂದೇ ಗುಂಡಿಗೆ. ಅದೊಂದು ಜೋನಾಸನಿಗೆ ಬರುತ್ತದೆ. ಹಬೆಯಾಡುವ ಹೊಟ್ಟೆಯೊಳಗೆ ಭಾವ ಬರಿಗೈ ಇಳಿಸಿ, ನಮ್ಮೆಲ್ಲರಿಗಿಂತ ಬೇಗ, ಕರುಳು ಒಡೆಯದ ಹಾಗೆ ಬಿಡಿಸಿ ಕೊಡುತ್ತ ಹೋದರು. ಒಂದು ಚೂರೂ ಬಿಡಲಿಲ್ಲ. ಗೊರಸು, ತಲೆ ಎಲ್ಲ ಕಟ್ಟಿಸಿ, ರಕ್ತವನ್ನೂ ಹೊಟ್ಟೆಚೀಲಕ್ಕೆ ತುಂಬಿಸಿದರು. ಕಾಮಿಲ್ ಒಂದೊಂದನ್ನೇ ಹೊತ್ತು ಬಂಡಿಗೆ ಸಾಗಿಸಿದ. ಕೊನೆಯ ಪಕ್ಕೆಗೂಡು ಎತ್ತುವಾಗ ಅವನ ಕೈಯಲ್ಲಿ ಬಲವಿರಲಿಲ್ಲ. ಇನ್ನೊಂದು ತುದಿ ಹಿಡಿದೆ. “ಭಾರ” ಅಂದ. “ಹೌದು” ಅಂದೆ.

ಸಂಜೆ ಆರಕ್ಕೆ ಗುಡಾರದಿಂದ ಊರಿಗೆ ರೇಡಿಯೋ. ಅಜ್ಜಿಯೇ ಕೂತಿದ್ದರು, ಅವರ ಹಿಂದೆ ಗದ್ದಲ. ಎಲ್ಲರೂ ಪಾತ್ರೆ ತೊಳೆದಿಟ್ಟುಕೊಂಡು ಕಾಯುತ್ತಿರಬೇಕು.

“ಎಷ್ಟು ಸಿಕ್ಕಿತು?”

“ಆರು.”

ಗದ್ದಲ ನಿಂತಿತು. “ಎಂಟು ಚೀಟಿ?”

“ವಾಪಸ್ ತರ್ತೀನಿ.”

“ಯಾರು ಹೇಳಿದ್ದು?” ಅಜ್ಜಿಯ ದನಿಯಲ್ಲ ಅದು, ಹಿಂದಿನಿಂದ ಯಾರೋ ಕಿರುಚಿದ್ದು. “ಆ ಕುರುಡನಾ?”

ಭಾವ ಒಲೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದರು. ಬಾಯಿ ತೆರೆಯುವುದರಲ್ಲಿದ್ದರು.

“ನಾನು ಹೇಳಿದ್ದು,” ಅಂದೆ. “ಕಾರ್ಯದರ್ಶಿ. ನಡಾವಳಿಯಲ್ಲಿ ನನ್ನ ಹೆಸರೇ ಬರ್ಕೊಳ್ಳಿ.” ಗುಂಡಿ ಒತ್ತಿ ಆರಿಸಿದೆ.

ಯಾಕೆ ಹಾಗಂದೆನೋ. ಚಳಿಗೆ ತಲೆ ಮರಗಟ್ಟಿರಬೇಕು. ಊರಿಗೆ ಹೋದ ಮೇಲೆ ಕಾಲ ಬಳಿ ಉಗಿಸಿಕೊಳ್ಳುವ ಸರದಿ ನನ್ನದು. ಉಗಿಯಲಿ. ಜೋನಾಸ್ ಬೆನ್ನು ತಿರುಗಿಸಿ ಮಲಗಿದ್ದಾನೆ. ಬರ್ತಾ ನಾಲಿಗೆಗಳನ್ನು ಎಣಿಸಿ ಎಣಿಸಿ ಆರೇ ಎಂದು ಸಂಕಟಪಡುತ್ತಿದ್ದಾಳೆ. ಗುಡಾರದೊಳಗೆ ರಕ್ತ, ಬೆವರು, ಒದ್ದೆ ತುಪ್ಪಳದ ನಾತ. ಒಬ್ಬರಿಗಾದರೂ ಶುಚಿ ಎಂಬುದಿಲ್ಲ.

ಭಾವನವರ ಕೈಗವಸುಗಳು ನೆನೆದು ತೊಪ್ಪೆಯಾಗಿವೆ. ಒಲೆಯ ಮೇಲೆ ತೂಗುಹಾಕಬೇಕು, ಈಗಲೇ ಏಳುತ್ತೇನೆ. ಬೆಳಿಗ್ಗೆಗೆ ಒಣಗಿರದಿದ್ದರೆ ಅವರು ಹಿಮ ಮುಟ್ಟಿ ನೋಡುವುದು ಹೇಗೆ?